ಪಕ್ಕಕ್ಕೆ ಬಿದ್ದ ಬಾಂಬು, ಉರುಳಿದ ಸೇತುವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಇರಾನಿನ ಫೋರ್ದೋದಲ್ಲಿ, ಗುಡ್ಡದಡಿಯ ಅಣು ಘಟಕದ ಮೇಲೆ, ಅಮೆರಿಕ ಬಾಂಬು ಹಾಕಿದ ಸುದ್ದಿ ಟಿವಿಯಲ್ಲಿ ಓಡಿದಾಗಿನಿಂದ ಬಾಂಬರ್ ವಿಮಾನ, ಭಾರೀ ಬಾಂಬು ಅಂತ ಕೇಳುವ ಪತ್ರಗಳು ಬರುತ್ತಲೇ ಇವೆ. ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇವಕ್ಕೇ ಉತ್ತರ ಬರೆದಿದ್ದೇನೆ. ನಾನು ಬೆಂಗಳೂರಿನ ವಿಮಾನ ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ ಶಾಪ್‌ನಲ್ಲಿ ಉಕ್ಕು ಕಾಯಿಸಿ, ಹದ ಮಾಡಿ ದುಡಿದವನು. ಉಕ್ಕಿನ ವಿಷಯ ಬಂದ ಕಡೆ ನಿಧಾನವಾಗಿ ಹೇಳಿದ್ದೇನೆ.

ಪ್ರಶ್ನೆ: 2025ರ ಜೂನ್‌ನಲ್ಲಿ ಅಮೆರಿಕ ಇರಾನ್ ಮೇಲೆ ಹಾಕಿದ 13 ಟನ್ನಿನ ‘ಬಂಕರ್ ಬಸ್ಟರ್’ ಹೊಸ ಕಾಲದ ಆವಿಷ್ಕಾರ ಅಲ್ವಾ? ನೆಲದೊಳಗೆ ಹೋಗಿ ಸಿಡಿಯುವ ಬಾಂಬು ಮೊದಲೂ ಇತ್ತೇ?
(ಬಿ.ಎಸ್‌ಸಿ. ವಿದ್ಯಾರ್ಥಿ, ಹಾಸನ)

ಉತ್ತರ: ಇತ್ತು. ಎರಡನೇ ಮಹಾಯುದ್ಧದಲ್ಲೇ ಇತ್ತು. ಅದರ ಹಿಂದಿದ್ದವರು ಬ್ರಿಟನ್ನಿನ ವಿಕರ್ಸ್ ಕಂಪನಿಯ ಎಂಜಿನಿಯರ್ ಬಾರ್ನ್ಸ್ ವಾಲಿಸ್. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ನೀರಿನ ಮೇಲೆ ಪುಟಿಯುವ ಬಾಂಬು ಮಾಡಿಕೊಟ್ಟವರೂ ಅವರೇ. ಆ ಕಥೆ ಎಲ್ಲರಿಗೂ ಗೊತ್ತು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಅದಲ್ಲ, ಅದರ ನಂತರ ಬಂದ ಎರಡು ಬಾಂಬುಗಳು: ಟಾಲ್‌ಬಾಯ್ ಮತ್ತು ಗ್ರ್ಯಾಂಡ್ ಸ್ಲ್ಯಾಮ್.

ವಾಲಿಸ್ ಯೋಚನೆ ಸರಳ. ಬಾಂಬು ನೆಲದ ಮೇಲೆ ಸಿಡಿದರೆ ಅದರ ಶಕ್ತಿಯ ಬಹುಪಾಲು ಗಾಳಿಗೆ ಹೋಗುತ್ತದೆ. ಮನೆಯ ಹೆಂಚು ಹಾರುತ್ತದೆ, ಗೋಡೆ ಬೀಳುತ್ತದೆ. ಆದರೆ ಕಾಂಕ್ರೀಟ್ ಬಂಕರ್, ಸೇತುವೆಯ ಕಂಬ, ಗುಡ್ಡದ ಸುರಂಗ ಇವಕ್ಕೆ ಏನೂ ಆಗುವುದಿಲ್ಲ. ಅದೇ ಬಾಂಬು ಮಣ್ಣಿನಾಳಕ್ಕೆ ಹೋಗಿ ಸಿಡಿದರೆ? ಮಣ್ಣು ಗಾಳಿಗಿಂತ ದಟ್ಟ. ಅದುರು ದೂರದವರೆಗೆ ಹಾಯುತ್ತದೆ, ಬುನಾದಿಯನ್ನೇ ಅಲುಗಿಸುತ್ತದೆ. ಕೆಳಗೆ ದೊಡ್ಡ ಪೊಳ್ಳಾಗಿ, ಮೇಲಿದ್ದದ್ದು ಅದರೊಳಕ್ಕೆ ಕುಸಿಯುತ್ತದೆ. ಇಂಥ ಬಾಂಬು ಗುರಿಗೆ ಸರಿಯಾಗಿ ಬಡಿಯಬೇಕೆಂದೇ ಇಲ್ಲ, ಪಕ್ಕದಲ್ಲಿ ಬಿದ್ದರೂ ಸಾಕು.

1941ರಲ್ಲೇ ಇದನ್ನೆಲ್ಲ ಬರೆದುಕೊಟ್ಟಿದ್ದರು. ಹತ್ತು ಟನ್ನಿನ ಬಾಂಬು, ಅದನ್ನು ಬಹಳ ಎತ್ತರಕ್ಕೆ ಒಯ್ಯುವ ಹೊಸ ವಿಮಾನ, ಎರಡೂ ಬೇಕೆಂದರು. ಅಂಥ ವಿಮಾನ ಯಾರ ಹತ್ತಿರವೂ ಇರಲಿಲ್ಲ. ಅಧಿಕಾರಿಗಳು ಬೇಡ ಅಂದರು. ಅಣೆಕಟ್ಟು ಒಡೆದ ಮೇಲೆ ಅವರ ಮಾತಿಗೆ ಬೆಲೆ ಬಂತು.

ಟಾಲ್‌ಬಾಯ್ ತೂಕ 12000 ಪೌಂಡ್, ಅಂದರೆ ಸುಮಾರು 5400 ಕೆ.ಜಿ. ಉದ್ದ 21 ಅಡಿ. ನಾಲ್ವರು ಒಬ್ಬರ ತಲೆಯ ಮೇಲೊಬ್ಬರು ನಿಂತರೆ ಹೆಚ್ಚೂಕಡಿಮೆ ಅದರ ಎತ್ತರ. 5500 ಮೀಟರ್ ಮೇಲಿಂದ ಬಿಟ್ಟರೆ ನೆಲ ಮುಟ್ಟುವಾಗ ಗಂಟೆಗೆ 1200 ಕಿಲೋಮೀಟರ್ ಆಸುಪಾಸಿನ ವೇಗ. ಶುರುವಿನಲ್ಲಿ ಒಂದು ತೊಂದರೆ ಬಂತು. ವೇಗ ಶಬ್ದದ ವೇಗಕ್ಕೆ ಹತ್ತಿರವಾದಂತೆ ಬಾಂಬು ಓಲಾಡತೊಡಗಿತು. ವಾಲಿಸ್ ಬಾಲದ ರೆಕ್ಕೆಗಳನ್ನು 5 ಡಿಗ್ರಿ ಓರೆ ಮಾಡಿಸಿದರು. ಬಾಂಬು ಬುಗುರಿಯ ಹಾಗೆ ಗಿರಗಿರ ತಿರುಗುತ್ತಾ ನೆಟ್ಟಗೆ ಇಳಿಯಿತು. ಮಣ್ಣಿನಲ್ಲಿ ಇದು ಮಾಡುತ್ತಿದ್ದ ಗುಂಡಿ ಸುಮಾರು 24 ಮೀಟರ್ ಆಳ, 30 ಮೀಟರ್ ಅಗಲ.

ಈಗ ನಿಮ್ಮ ಫೋರ್ದೋ ಬಾಂಬಿಗೆ ಬರೋಣ. ಅದರ ತೂಕ ಸುಮಾರು 13600 ಕೆ.ಜಿ. ಟಾಲ್‌ಬಾಯ್‌ಗಿಂತ ಎರಡೂವರೆ ಪಟ್ಟು. ಆದರೆ ಅದರೊಳಗಿನ ಸ್ಫೋಟಕ ಸುಮಾರು 2400 ಕೆ.ಜಿ. ಟಾಲ್‌ಬಾಯ್‌ನಲ್ಲೂ ಹೆಚ್ಚೂಕಡಿಮೆ ಅಷ್ಟೇ ಇತ್ತು! ಉದ್ದವೂ ಹತ್ತಿರಹತ್ತಿರ ಒಂದೇ. ಹೆಚ್ಚಾದ ತೂಕದ ಬಹುಪಾಲು ಬರೀ ಉಕ್ಕು. ಅಂದರೆ ಎಂಬತ್ತು ವರ್ಷದಲ್ಲಿ ಬೆಳೆದದ್ದು ಸಿಡಿತಕ್ಕಿಂತ ಜಾಸ್ತಿ, ಒಳಗೆ ಇಳಿಯುವ ಶಕ್ತಿ ಮತ್ತು ಗುರಿ ಹಿಡಿಯುವ ಉಪಕರಣ. ಮೂಲ ವಿಚಾರ ವಾಲಿಸ್ ಅವರದೇ.

ಪ್ರಶ್ನೆ: ಅಷ್ಟು ಎತ್ತರದಿಂದ ಬಿದ್ದ ಬಾಂಬು ನೆಲಕ್ಕೆ ಬಡಿದಾಗಲೇ ಚೂರಾಗಬೇಕಲ್ಲ? ಅಥವಾ ಬಡಿದ ಕೂಡಲೇ ಸಿಡಿಯಬೇಕು. ಒಳಗೆ ಹೋಗುವವರೆಗೆ ಹೇಗೆ ತಡೆಯುತ್ತದೆ?
(ಫೌಂಡ್ರಿ ನಡೆಸುವ ಓದುಗರು, ಬೆಳಗಾವಿ)

ಉತ್ತರ: ಈ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಬಾಂಬು ಅಂದ ಕೂಡಲೇ ಎಲ್ಲರೂ ಮದ್ದಿನ ಬಗ್ಗೆ ಕೇಳುತ್ತಾರೆ. ಹೊರಗಿನ ಕವಚದ ಬಗ್ಗೆ ಕೇಳುವವರು ಕಡಿಮೆ.

ಆಗ ನಗರಗಳ ಮೇಲೆ ಹಾಕುತ್ತಿದ್ದ 4000 ಪೌಂಡಿನ ‘ಕುಕಿ’ ಬಾಂಬುಗಳು ತೆಳು ತಗಡಿನ ಡ್ರಮ್ಮುಗಳು. ತೂಕದ ಮುಕ್ಕಾಲು ಭಾಗದಷ್ಟು ಮದ್ದೇ. ಅವು ನೆಲ ಮುಟ್ಟಿದರೆ ಅಲ್ಲೇ ಸಿಡಿಯುತ್ತಿದ್ದವು. ಟಾಲ್‌ಬಾಯ್‌ನಲ್ಲಿ ಮದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮಿಶ್ರಲೋಹದ ಉಕ್ಕು, ಒಂದೇ ಎರಕದಲ್ಲಿ ಹೊಯ್ದದ್ದು. ಮೂತಿಯ ಹತ್ತಿರ ಬಹಳ ದಪ್ಪ, ಹಿಂದಕ್ಕೆ ಹೋದಂತೆ ತೆಳು. ಎರಕದಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ನೆಲಕ್ಕೆ ಬಡಿದಾಗ ಅಲ್ಲೇ ಬಿರುಕು ಬಿಡುತ್ತದೆ. ಉಕ್ಕು ಗಟ್ಟಿಯೂ ಇರಬೇಕು, ಬಾಗಿ ತಾಳುವಂತೆಯೂ ಇರಬೇಕು. ಗಟ್ಟಿತನ ಜಾಸ್ತಿಯಾದರೆ ಒಡೆಯುತ್ತದೆ, ಕಡಿಮೆಯಾದರೆ ಜಜ್ಜಿಹೋಗುತ್ತದೆ. ಇಷ್ಟು ದೊಡ್ಡ ಎರಕದಲ್ಲಿ ಈ ಹದ ಎಲ್ಲ ಕಡೆಯೂ ಒಂದೇ ಸಮ ತರುವುದು ಎಂಥ ಕೆಲಸ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಉಕ್ಕಿನ ಕೆಲಸಗಾರರು ಅದನ್ನು ಯುದ್ಧದ ಅವಸರದಲ್ಲಿ ಮಾಡಿ ತೋರಿಸಿದರು.

ತುಂಬುವುದೂ ಹಾಗೇ ನಿಧಾನದ ಕೆಲಸ. ಒಳಗಿನ ಸ್ಫೋಟಕಕ್ಕೆ ಟಾರ್ಪೆಕ್ಸ್ ಅಂತ ಹೆಸರು. ಆರ್‌ಡಿಎಕ್ಸ್, ಟಿಎನ್‌ಟಿ, ಅಲ್ಯೂಮಿನಿಯಂ ಪುಡಿ ಸೇರಿದ ಮಿಶ್ರಣ. ಬರೀ ಟಿಎನ್‌ಟಿಗಿಂತ ಅದರ ಬಲ ಸುಮಾರು ಒಂದೂವರೆ ಪಟ್ಟು. ಕವಚವನ್ನು ಮೂತಿ ಕೆಳಗಾಗಿ ನಿಲ್ಲಿಸಿ, ಕರಗಿಸಿದ ಟಾರ್ಪೆಕ್ಸನ್ನು ಬಾಲದ ಕಡೆಯಿಂದ ಕೈಯಿಂದಲೇ ಹೊಯ್ಯುತ್ತಿದ್ದರು. ಗ್ರ್ಯಾಂಡ್ ಸ್ಲ್ಯಾಮ್‌ನೊಳಗೆ ಹೊಯ್ದ ಮದ್ದು ಪೂರ್ತಿ ತಣಿದು ಗಟ್ಟಿಯಾಗಲು ಸುಮಾರು ಒಂದು ತಿಂಗಳು ಬೇಕಾಗುತ್ತಿತ್ತು. ಮೇಲೆ ಒಂದಂಗುಲ ಶುದ್ಧ ಟಿಎನ್‌ಟಿ. ಅದರ ಮೇಲೆ ಮರದ ಪುಡಿ, ಮೇಣದ ಮುಚ್ಚಳ. ಆ ಮುಚ್ಚಳದ ಗುಳಿಗಳಲ್ಲಿ ಮದ್ದನ್ನು ಸಿಡಿಸುವ ಮೂರು ಫ್ಯೂಜ್.

ಫ್ಯೂಜ್ ಇದ್ದದ್ದು ಬಾಲದ ಕಡೆ, ಹಾಗಾಗಿ ಮೂತಿ ಬಡಿದರೂ ಅದಕ್ಕೆ ಏಟಿಲ್ಲ. ಎಷ್ಟು ಹೊತ್ತಿಗೆ ಸಿಡಿಯಬೇಕು ಅಂತ ಮೊದಲೇ ಹೊಂದಿಸುತ್ತಿದ್ದರು. ಕೆಲವು ಸೆಕೆಂಡಿನಿಂದ ಹಿಡಿದು ಅರ್ಧ ಗಂಟೆಯವರೆಗೂ ತಡ ಮಾಡಬಹುದಿತ್ತು. ಮೂರು ಫ್ಯೂಜ್ ಯಾಕೆ? ಇಷ್ಟು ಶ್ರಮದ ವಸ್ತು ಒಂದು ಫ್ಯೂಜ್ ಕೈಕೊಟ್ಟ ಕಾರಣಕ್ಕೆ ಮಣ್ಣಲ್ಲಿ ಸುಮ್ನೆ ಬಿದ್ದಿರಬಾರದು ಅಂತ. ಮೋಡ ಮುಚ್ಚಿ ಗುರಿ ಕಾಣದಿದ್ದರೆ ಟಾಲ್‌ಬಾಯನ್ನು ಸಮುದ್ರಕ್ಕೆ ಎಸೆಯದೆ ವಾಪಸ್ ತನ್ನಿ ಅಂತ ಪೈಲಟ್‌ಗಳಿಗೆ ಹೇಳಿದ್ದರು. ಐದು ಟನ್ನಿನ ಬಾಂಬು ಹೊಟ್ಟೆಯಲ್ಲಿಟ್ಟುಕೊಂಡು ರನ್‌ವೇಗೆ ಇಳಿಯುವುದು ಅಂದರೆ ಏನು, ಯೋಚಿಸಿ.

ಪ್ರಶ್ನೆ: ಬಾಂಬು ಅಷ್ಟು ದೊಡ್ಡದಿದ್ದ ಮೇಲೆ ನಿಖರತೆ ಯಾಕೆ ಬೇಕು? ಎಲ್ಲಿ ಬಿದ್ದರೂ ಸುತ್ತಲಿನದೆಲ್ಲ ನಾಶ ಆಗುತ್ತದಲ್ಲ?
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಗುರುಗಳೇ, ಇಲ್ಲೇ ಇದೆ ನೋಡಿ ಇಡೀ ಕಥೆ. ದೊಡ್ಡ ಬಾಂಬಿಗೇ ನಿಖರತೆ ಜಾಸ್ತಿ ಬೇಕು. ಒಂದು ವಿಮಾನ ಒಯ್ಯುವುದು ಒಂದೇ ಬಾಂಬು. ತಪ್ಪಿದರೆ ಇನ್ನೊಂದಿಲ್ಲ. ನೆಲದೊಳಗಿನ ಅದುರು ಕೂಡ ಕೆಲವು ಹತ್ತು ಮೀಟರ್ ಒಳಗಿದ್ದರೆ ಮಾತ್ರ ಕಾಂಕ್ರೀಟನ್ನು ಬೀಳಿಸುತ್ತದೆ.

ಯುದ್ಧದ ಶುರುವಿನಲ್ಲಿ ಬ್ರಿಟಿಷ್ ಬಾಂಬರ್‌ಗಳ ನಿಖರತೆ ಎಷ್ಟಿತ್ತು ಗೊತ್ತೇ? 1941ರಲ್ಲಿ ಬಟ್ ಅನ್ನುವ ಅಧಿಕಾರಿ ರಾತ್ರಿ ದಾಳಿಯ ಫೋಟೋಗಳನ್ನು ಕೂತು ಪರಿಶೀಲಿಸಿದರು. ಗುರಿಗೆ ಬಾಂಬು ಹಾಕಿದೆವು ಅಂದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ 8 ಕಿಲೋಮೀಟರ್ ಒಳಗೆ ತಲುಪಿತ್ತು. ಜರ್ಮನಿಯ ರೂರ್ ಕಣಿವೆಯ ಕಾರ್ಖಾನೆಗಳ ಮೇಲಂತೂ ಹತ್ತರಲ್ಲಿ ಒಂದು. ನಗರಕ್ಕೆ ನಗರವನ್ನೇ ಗುರಿ ಮಾಡುವ ದಾರಿಗೆ ಬ್ರಿಟನ್ ಹೊರಳಿದ್ದಕ್ಕೆ ಇದೂ ಒಂದು ಕಾರಣ.

ಅಲ್ಲಿಂದ ಮೂರೇ ವರ್ಷ. 1944ರಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬರ್ ದಳವಾದ 617ನೇ ಸ್ಕ್ವಾಡ್ರನ್ ಸಾವಿರಾರು ಮೀಟರ್ ಎತ್ತರದಿಂದ ಸರಾಸರಿ ನೂರು ಗಜದ ಆಸುಪಾಸಿಗೆ ಬಾಂಬು ಬೀಳಿಸುತ್ತಿತ್ತು. ಅವರ ಕೈಗೆ ಬಂದಿದ್ದ ಹೊಸ ಸಾಧನ ಒಂದು ಸ್ವಯಂಚಾಲಿತ ಬಾಂಬ್ ಸೈಟ್, ಅಂದರೆ ಗುರಿ ಹಿಡಿಯುವ ಉಪಕರಣ. ವಿಮಾನದ ವೇಗ, ಎತ್ತರ, ಗಾಳಿಯ ಲೆಕ್ಕವನ್ನು ಅದೇ ಹಾಕುತ್ತಿತ್ತು. ವಿಮಾನದ ಮೂತಿಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ ಬಾಂಬ್ ಏಮರ್ (ಗುರಿ ಹಿಡಿಯುವವನು) ಅಡ್ಡಗೆರೆಯನ್ನು ಗುರಿಯ ಮೇಲೆ ಬಿಡದೆ ಹಿಡಿದಿರಬೇಕು. ಸಮಯ ಬಂದಾಗ ಬಾಂಬು ತಾನಾಗೇ ಕಳಚುತ್ತದೆ.

ಲೆಕ್ಕ ಮಾಡಿ ನೋಡಿ. ಟಾಲ್‌ಬಾಯ್ ಹೊರುತ್ತಿದ್ದ ಬ್ರಿಟಿಷ್ ಬಾಂಬರ್ ಲ್ಯಾಂಕಾಸ್ಟರ್ ಸೆಕೆಂಡಿಗೆ ಸುಮಾರು 90 ಮೀಟರ್ ಓಡುತ್ತಿದೆ. ಬಾಂಬು ನೆಲ ಮುಟ್ಟಲು ಅರ್ಧ ನಿಮಿಷಕ್ಕೂ ಸ್ವಲ್ಪ ಜಾಸ್ತಿ ಬೇಕು. ಅಂದರೆ ಗುರಿ ಇನ್ನೂ ಮೂರು ಕಿಲೋಮೀಟರ್ ಮುಂದಿರುವಾಗಲೇ ಬಿಡಬೇಕು. ಒಂದು ಸೆಕೆಂಡ್ ಹೆಚ್ಚುಕಡಿಮೆಯಾದರೆ 90 ಮೀಟರ್ ತಪ್ಪು. ಹಾಗಾಗಿ ಕೊನೆಯ ಕೆಲವು ನಿಮಿಷ ಪೈಲಟ್ ಎತ್ತರ ಬದಲಿಸುವಂತಿಲ್ಲ, ವೇಗ ಬದಲಿಸುವಂತಿಲ್ಲ, ಆಚೀಚೆ ತಿರುಗುವಂತಿಲ್ಲ. ಕೆಳಗಿಂದ ವಿಮಾನ ಹೊಡೆಯುವ ಫಿರಂಗಿಗಳು ಗುಂಡು ಹಾರಿಸುತ್ತಿರುತ್ತವೆ, ಪಕ್ಕದಲ್ಲೇ ಕಪ್ಪು ಹೊಗೆ ಬಿಚ್ಚಿಕೊಳ್ಳುತ್ತಿರುತ್ತದೆ. ನೆಟ್ಟಗೆ ಹಾರುವ ವಿಮಾನಕ್ಕಿಂತ ಸುಲಭದ ಗುರಿ ಫಿರಂಗಿಯವನಿಗೆ ಇನ್ನೊಂದಿಲ್ಲ. ಆ ನಿಮಿಷಗಳಲ್ಲಿ ಏಳು ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಬ್ರಿಟಿಷ್ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ವಾಪಸ್ ಬರಲಿಲ್ಲ. ನಿಖರತೆ ಅನ್ನುವುದು ಆ ಯಂತ್ರದಲ್ಲಿ ಎಷ್ಟಿತ್ತೋ ಆ ಹುಡುಗರ ತಾಳ್ಮೆಯಲ್ಲೂ ಅಷ್ಟೇ ಇತ್ತು ಅಂತ ನಾನು ನಂಬುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆ ನಾರ್ವೆಯಲ್ಲಿ ಅಡಗಿ ಕೂತಿತ್ತು. ಅದರ ಅಗಲ 36 ಮೀಟರ್. 1944ರ ಸೆಪ್ಟೆಂಬರ್ 15ರಂದು ಲ್ಯಾಂಕಾಸ್ಟರ್‌ಗಳು ರಷ್ಯಾದ ಯಾಗೋದ್ನಿಕ್‌ನಿಂದ ಹೊರಟು ಬಂದವು. ಹೊಗೆಯ ಪರದೆ ಎದ್ದರೂ ಒಂದು ಟಾಲ್‌ಬಾಯ್ ಹಡಗಿನ ಮೂತಿಯನ್ನು ಸೀಳಿತು. ಅಕ್ಟೋಬರ್ 29ರಂದು ಮತ್ತೆ ಬಂದಾಗ ಕೊನೇ ಗಳಿಗೆಯಲ್ಲಿ ಮೋಡ ಅಡ್ಡ ಬಂತು. ನವೆಂಬರ್ 12ರ ಬೆಳಿಗ್ಗೆ ಟ್ರೊಮ್ಸೊ ಹತ್ತಿರ ಆಕಾಶ ತಿಳಿಯಾಗಿತ್ತು. ಸ್ಕಾಟ್ಲೆಂಡಿನಿಂದ ಹೊರಟಿದ್ದ 617 ಮತ್ತು 9ನೇ ಸ್ಕ್ವಾಡ್ರನ್‌ಗಳು 29 ಟಾಲ್‌ಬಾಯ್ ಬಿಟ್ಟವು. ಕಡೇಪಕ್ಷ ಎರಡು ನೇರ ಬಡಿದವು. ಸ್ವಲ್ಪ ಹೊತ್ತಿನಲ್ಲೇ ಹಡಗು ಬೋರಲು ಬಿತ್ತು. ಸುಮಾರು ಸಾವಿರ ನಾವಿಕರು ಸತ್ತರು. ಮಗುಚಿದ ಹಡಗಿನ ತಳದ ಉಕ್ಕನ್ನು ಮೇಲಿಂದ ಕತ್ತರಿಸಿ, ಒಳಗೆ ಸಿಕ್ಕಿಕೊಂಡಿದ್ದ 80ಕ್ಕೂ ಹೆಚ್ಚು ಜನರನ್ನು ಜೀವಂತ ಹೊರತೆಗೆದರು.

ಪ್ರಶ್ನೆ: ಇಂಥ ಬಾಂಬುಗಳನ್ನು ಒಟ್ಟು ಎಷ್ಟು ಬಳಸಿದರು? ಎಲ್ಲಕ್ಕಿಂತ ದೊಡ್ಡದು ಯಾವುದು?
(ಓದುಗರು, ರಾಯಚೂರು)

ಉತ್ತರ: ಯುದ್ಧದಲ್ಲಿ ಬಿದ್ದ ಟಾಲ್‌ಬಾಯ್‌ಗಳು 854. ಹತ್ತು ಟನ್ನಿನ ಗ್ರ್ಯಾಂಡ್ ಸ್ಲ್ಯಾಮ್ ನಲವತ್ತರ ಆಸುಪಾಸು ಮಾತ್ರ. ಆ ಯುದ್ಧದಲ್ಲಿ ಬಳಸಿದ ಮಾಮೂಲಿ (ಅಣುಬಾಂಬಲ್ಲದ) ಬಾಂಬುಗಳಲ್ಲಿ ಅದೇ ಎಲ್ಲಕ್ಕಿಂತ ಭಾರ.

ಗ್ರ್ಯಾಂಡ್ ಸ್ಲ್ಯಾಮ್ ಮೊದಲು ಬಿದ್ದದ್ದು 1945ರ ಮಾರ್ಚ್ 14ರಂದು, ಬೀಲೆಫೆಲ್ಡ್ ಊರಿನ ರೈಲು ಸೇತುವೆಯ ಹತ್ತಿರ. ಅದಕ್ಕೂ ಮೊದಲು ಆ ಸೇತುವೆಯ ಮೇಲೆ ಸಾವಿರಾರು ಟನ್ ಬಾಂಬು ಸುರಿದಿತ್ತು. ಸುತ್ತಲ ಗದ್ದೆಯೆಲ್ಲ ಗುಂಡಿ, ಕಮಾನುಗಳು ನಿಂತೇ ಇದ್ದವು. ಆ ದಿನ ಎರಡು ವಿಮಾನ ಹೊರಡಬೇಕಿತ್ತು. ದಳಪತಿ ಫೋಕಿಯರ್ ಅವರ ವಿಮಾನದ ಎಂಜಿನ್ ಕೈಕೊಟ್ಟಿತು. ಅವರು ಇನ್ನೊಂದು ವಿಮಾನದ ಕಡೆ ಓಡಿ ಬರುವಷ್ಟರಲ್ಲಿ ಅದರ ಪೈಲಟ್ ಕ್ಯಾಲ್ಡರ್ ಹೊರಟೇಬಿಟ್ಟಿದ್ದರು. ವಿಮಾನದ ಒಟ್ಟು ತೂಕದ ಮೂರನೇ ಒಂದು ಭಾಗದ ಹತ್ತಿರ ಬಾಂಬೇ ಇತ್ತು. ಹೊಟ್ಟೆಯ ಬಾಗಿಲುಗಳನ್ನು ಬಿಚ್ಚಿ ಅದನ್ನು ನೇತುಹಾಕಿದ್ದರು. ಭಾರಕ್ಕೆ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿದ್ದವು. ಕಳಚಿದ ಕೂಡಲೇ ವಿಮಾನ ಮೇಲಕ್ಕೆ ಜಿಗಿಯಿತು. ಬಾಂಬು ಸೇತುವೆಗೆ ತಾಗಲಿಲ್ಲ, ಸುಮಾರು ಮೂವತ್ತು ಗಜ ಪಕ್ಕಕ್ಕೆ ಬಿತ್ತು. ಜೊತೆಯವರು ಹಾಕಿದ ಟಾಲ್‌ಬಾಯ್‌ಗಳೂ ಸೇರಿ ಸೇತುವೆಯ ನೂರು ಮೀಟರಿಗೆ ಹತ್ತಿರದಷ್ಟು ಉದ್ದ ಕುಸಿಯಿತು.

ಒಂದು ಮಾತು ಸೇರಿಸಲೇಬೇಕು. ಜರ್ಮನ್ನರು ಮೊದಲೇ ಕಣಿವೆಯೊಳಗೆ ಬಳಸುದಾರಿಯ ಹಳಿ ಹಾಕಿದ್ದರು. ಸೇತುವೆ ಬಿದ್ದ ಮೇಲೂ ಅದರ ಮೇಲೆ ರೈಲು ಓಡಿತು.

ಪ್ರಶ್ನೆ: ‘ನಿಖರ ದಾಳಿ’ ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಹಾಗಂದರೆ ಅಮಾಯಕರು ಸಾಯುವುದಿಲ್ಲ ಅಂತಲೇ?
(ನರ್ಸ್, ಮಂಗಳೂರು)

ಉತ್ತರ: ಇಲ್ಲ ತಾಯಿ, ಹಾಗೆ ಅಲ್ಲ. 1943ರ ಮೇ 17ರ ಬೆಳಗಿನ ಜಾವ ಮೋನೆ ಅಣೆಕಟ್ಟು ಒಡೆಯಿತು. ವಾಲಿಸ್ ಅವರ ಪುಟಿಯುವ ಬಾಂಬು ಬಿದ್ದದ್ದು ಸರಿಯಾದ ಜಾಗದಲ್ಲೇ. ಆದರೆ ನೀರಿಗೆ ಯಾರು ಶತ್ರು, ಯಾರು ಸೆರೆಯಾಳು ಅಂತ ಗೊತ್ತಾಗುತ್ತದೆಯೇ? ಕೆಳಗಿನ ನೆಹೈಮ್ ಊರಿನಲ್ಲಿ ಜರ್ಮನ್ನರು ಹಿಡಿದು ತಂದು ದುಡಿಸುತ್ತಿದ್ದ ಹೆಣ್ಣುಮಕ್ಕಳ ಶಿಬಿರ ಇತ್ತು. ಉಕ್ರೇನ್, ರಷ್ಯಾ ಕಡೆಯ ನೂರಾರು ಹೆಂಗಸರು ಬೀಗ ಹಾಕಿದ ಗುಡಿಸಲುಗಳ ಸಮೇತ ಕೊಚ್ಚಿಹೋದರು. ಆ ದಾಳಿಯಲ್ಲಿ ನೆಲದ ಮೇಲೆ ಸತ್ತವರು 1300ಕ್ಕೂ ಹೆಚ್ಚು. ಹೋದ 19 ವಿಮಾನಗಳಲ್ಲಿ 8 ಬಿದ್ದವು, 53 ಹುಡುಗರು ಸತ್ತರು. ವಾಲಿಸ್ ಆ ಹುಡುಗರಿಗಾಗಿ ಅತ್ತರು. ಯುದ್ಧ ಮುಗಿದ ಮೇಲೆ ಅವರ ಆವಿಷ್ಕಾರಕ್ಕೆ ಸರ್ಕಾರ 10000 ಪೌಂಡ್ ಬಹುಮಾನ ಕೊಟ್ಟಿತು. ಆ ಹಣವನ್ನು ತಾವು ಓದಿದ ಶಾಲೆಗೆ ಕೊಟ್ಟು, ಸತ್ತ ವಾಯುಪಡೆಯವರ ಮಕ್ಕಳ ಓದಿಗೆ ಇಟ್ಟರು.

ನಿಖರತೆಯಿಂದ ಜೀವ ಉಳಿದದ್ದೂ ಇದೆ, ಅದನ್ನೂ ಹೇಳಬೇಕು. 1944ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಲಿಮೋಜ್ ಊರಿನ ವಿಮಾನ ಎಂಜಿನ್ ಕಾರ್ಖಾನೆಯ ಮೇಲೆ ದಾಳಿ. ಜರ್ಮನ್ನರ ಹಿಡಿತದ ಕಾರ್ಖಾನೆ, ಆದರೆ ರಾತ್ರಿ ಪಾಳಿಯಲ್ಲಿದ್ದವರು ಫ್ರೆಂಚ್ ಹೆಂಗಸರು. 617ರ ನಾಯಕ ಲೆನಾರ್ಡ್ ಚೆಷೈರ್ ತನ್ನ ಲ್ಯಾಂಕಾಸ್ಟರನ್ನು ಚಾವಣಿಗೆ ತಾಗುವಷ್ಟು ಕೆಳಗೆ ತಂದು ಮೂರು ಸಲ ಹಾರಿಸಿದರು. ಅವರು ಹೊರಗೆ ಓಡಿಹೋಗಲಿ ಅಂತ. ಹೆಂಗಸರು ಓಡಿದರು. ಆಮೇಲೇ ಗುರುತಿನ ದೀಪಬಾಂಬು ಹಾಕಿ ಉಳಿದ ವಿಮಾನಗಳನ್ನು ಕರೆದರು. ಶತ್ರುವಿನ ನೆಲದ ಮೇಲೆ ಅಷ್ಟು ಕೆಳಗೆ ಮೂರು ಸಲ ಸುತ್ತುವುದು ಪ್ರಾಣ ಒತ್ತೆ ಇಟ್ಟ ಹಾಗೆ. ಯುದ್ಧದ ಪುಸ್ತಕಗಳಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ ಸಂಗತಿ ಇದು.

ಇದೇ ಚೆಷೈರ್ ಮುಂದೆ ನಾಗಾಸಾಕಿಯ ಅಣುಬಾಂಬನ್ನು ವೀಕ್ಷಕರಾಗಿ ವಿಮಾನದಿಂದ ಕಣ್ಣಾರೆ ಕಂಡರು. ಯುದ್ಧದ ನಂತರ ಯಾರೂ ನೋಡಿಕೊಳ್ಳುವವರಿಲ್ಲದ ಒಬ್ಬ ಕಾಯಿಲೆಯವನನ್ನು ಮನೆಗೆ ತಂದು ಸ್ವತಃ ಆರೈಕೆ ಮಾಡಿದರು. ಚೆಷೈರ್ ಹೋಮ್‌ಗಳು ಶುರುವಾದದ್ದು ಅಲ್ಲಿಂದ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೂ ಒಂದಿದೆ. ನೀವು ಆ ಕಡೆ ಹೋದಾಗ ಬೋರ್ಡ್ ನೋಡಿರಬಹುದು. ಆ ಹೆಸರು ಇವರದೇ.

ಪ್ರಶ್ನೆ: ನಮ್ಮ ಎಚ್‌ಎಎಲ್‌ಗೂ ಆ ಕಾಲದ ಹೆವಿ ಬಾಂಬರ್‌ಗಳಿಗೂ ನಂಟಿದೆ ಅಂತ ಕೇಳಿದ್ದೇನೆ. ಲ್ಯಾಂಕಾಸ್ಟರ್ ಇಲ್ಲಿಗೆ ಬಂದಿತ್ತೇ?
(ಓದುಗರು, ಮಾರತ್ತಹಳ್ಳಿ, ಬೆಂಗಳೂರು)

ಉತ್ತರ: ನಂಟು ಇರುವುದು ಅಮೆರಿಕದ ಬಿ-24 ಲಿಬರೇಟರ್ ಜೊತೆ. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಅವುಗಳ ದೊಡ್ಡ ಗುಂಪನ್ನೇ ಬಿಟ್ಟುಹೋದರು. ಯಾರೂ ಹಾರಿಸಬಾರದು ಅಂತ ಕೆಡಿಸಿಯೇ ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಹಣ ಇರಲಿಲ್ಲ. ಎಚ್‌ಎಎಲ್ ತಂಡ ಕಾನ್ಪುರಕ್ಕೆ ಹೋಗಿ ಹಾರುವ ಮಟ್ಟಿಗೆ ರಿಪೇರಿ ಮಾಡಿತು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ ಜೋಡಿಸಿ, ನಲವತ್ತರ ಆಸುಪಾಸು ವಿಮಾನಗಳನ್ನು ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ಸೇವೆಯಲ್ಲಿದ್ದವು. ಇವತ್ತು ಬ್ರಿಟಿಷ್ ವಾಯುಪಡೆಯ ಮ್ಯೂಸಿಯಂ ಸಂಗ್ರಹದಲ್ಲಿರುವ ಲಿಬರೇಟರ್ ಕೂಡ ಭಾರತ ಕೊಟ್ಟದ್ದೇ.

ನಮ್ಮ ತಂದೆ ಆ ವಿಮಾನಗಳ ಮೇಲೆ ಫಿಟ್ಟರ್ ಆಗಿ ಕೆಲಸ ಮಾಡಿದವರು. ಬಾಂಬ್ ಕೋಣೆಯ ಮಧ್ಯೆ ಒಂದು ಗೇಣಿನಷ್ಟೇ ಅಗಲದ ಕಾಲುದಾರಿ ಇತ್ತಂತೆ. ಸ್ಪ್ಯಾನರ್ ಹಿಡಿದು ಅಡ್ಡಡ್ಡ ನಡೆಯಬೇಕಿತ್ತು ಅಂತ ಹೇಳುತ್ತಿದ್ದರು. ಟಾಲ್‌ಬಾಯ್ ಹೊರಲು ಲಿಬರೇಟರ್‌ಗೆ ಆಗದೇ ಇದ್ದದ್ದಕ್ಕೆ ಆ ಕಾಲುದಾರಿಯೇ ಸಾಕ್ಷಿ. ವಿಮಾನದ ಬೆನ್ನೆಲುಬು ಬಾಂಬ್ ಕೋಣೆಯನ್ನು ಎರಡು ಪಾಲು ಮಾಡಿತ್ತು. ಲ್ಯಾಂಕಾಸ್ಟರ್‌ನ ಕೋಣೆ 33 ಅಡಿ ಉದ್ದ, ನಡುವೆ ಒಂದು ಅಡ್ಡಪಟ್ಟಿಯೂ ಇಲ್ಲ. 21 ಅಡಿ ಬಾಂಬಿಗೆ ಯುರೋಪಿನ ಯುದ್ಧದಲ್ಲಿ ಅದೊಂದೇ ಜಾಗ.

ಪ್ರಶ್ನೆ: ಸಿಡಿಯದೆ ಉಳಿದ ಬಾಂಬು ಈಗಲೂ ನೆಲದಲ್ಲಿ ಇವೆಯಾ ಅಂಕಲ್? ಅವು ಸಿಡಿಯುತ್ತವಾ?
(9ನೇ ತರಗತಿ ವಿದ್ಯಾರ್ಥಿ, ಕೊಪ್ಪಳ)

ಉತ್ತರ: ಇದ್ದವು ಮರಿ, ಸಿಡಿದದ್ದೂ ಇದೆ. ಜರ್ಮನಿಯ ಸೋರ್ಪೆ ಜಲಾಶಯವನ್ನು 1950ರ ದಶಕದ ಕೊನೆಗೆ ರಿಪೇರಿಗೆ ಅಂತ ಖಾಲಿ ಮಾಡಿದಾಗ ಕೆಸರಿನಲ್ಲಿ ಒಂದು ಟಾಲ್‌ಬಾಯ್ ಹಾಗೇ ಬಿದ್ದಿತ್ತು. ಅದನ್ನು ನಿಷ್ಕ್ರಿಯ ಮಾಡಿದರು.

ಪೋಲೆಂಡಿನದು ಇನ್ನೂ ಇತ್ತೀಚಿನದು. 1945ರ ಏಪ್ರಿಲ್ 16ರಂದು 617ನೇ ಸ್ಕ್ವಾಡ್ರನ್ ಲುಟ್‌ಸೋ ಅನ್ನುವ ಜರ್ಮನ್ ಯುದ್ಧನೌಕೆಯ ಮೇಲೆ ದಾಳಿ ಮಾಡಿತ್ತು. ಆ ದಿನ ಬಿದ್ದ ಒಂದು ಟಾಲ್‌ಬಾಯ್ ಈಗಿನ ಶ್ವಿನೊವುಯಿಶ್ಚೆ ಊರಿನ ಕಾಲುವೆಯ ತಳದಲ್ಲಿ ಹೂತುಹೋಯಿತು. ಹಡಗುಗಳು 75 ವರ್ಷ ಅದರ ಮೇಲೆಯೇ ಓಡಾಡಿದವು. 2020ರ ಅಕ್ಟೋಬರ್‌ನಲ್ಲಿ ಪೋಲೆಂಡ್ ನೌಕಾಪಡೆಯ ಮುಳುಗುಗಾರರು ಅದನ್ನು ನಿಷ್ಕ್ರಿಯ ಮಾಡಲು ಹೋದರು. ಸುಮಾರು 750 ಜನರನ್ನು ಮನೆ ಬಿಡಿಸಿದ್ದರು. ಮದ್ದನ್ನು ಸಿಡಿಸದೆ ದೂರದಿಂದ ನಿಧಾನವಾಗಿ ಉರಿಸಿ ಮುಗಿಸುವುದು ಅವರ ಯೋಜನೆ. ಅದು ಉರಿಯುವ ಬದಲು ಸಿಡಿದೇಬಿಟ್ಟಿತು. ಮುಳುಗುಗಾರರು ಆಗಲೇ ಅಪಾಯದ ವಲಯದಿಂದ ಹೊರಗಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಕಾಲುವೆಯ ನೀರು ಕಂಬದ ಹಾಗೆ ಮೇಲೆದ್ದ ವಿಡಿಯೋ ಇಂಟರ್ನೆಟ್‌ನಲ್ಲಿದೆ, ಮೇಷ್ಟ್ರಿಗೆ ಹೇಳಿ ತರಗತಿಯಲ್ಲಿ ಎಲ್ಲರೂ ಸೇರಿ ನೋಡಿ. ಹೊಲದಲ್ಲಾಗಲಿ ಗುಜರಿಯಲ್ಲಾಗಲಿ ಹಳೇ ಶೆಲ್ ತರಹದ್ದು ಏನಾದರೂ ಕಂಡರೆ ಮುಟ್ಟಬೇಡ, ದೂರ ನಿಂತು ದೊಡ್ಡವರನ್ನು ಕರೆ, ಅವರು ಪೊಲೀಸರಿಗೆ ತಿಳಿಸಲಿ.